ಏಳನೇ ನಂಬರಿನ ರಕ್ತ

ಜನವರಿ 6

ಪ್ರೀತಿಯ ಅಕ್ಕನಿಗೆ,

ಇವತ್ತು ಬೆಳಗ್ಗೆಯಿಂದ ಮಾಂಸ ಜಜ್ಜಿದೆ. ನಗಬೇಡ, ಪಿಎಚ್.ಡಿ. ಅಂದರೆ ಇಷ್ಟೇ. ಕಟುಕನ ಅಂಗಡಿಯಿಂದ ತಂದ ತೊಡೆಯ ಮಾಂಸವನ್ನು ಮಂಜುಗಡ್ಡೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿಯಬೇಕು. ಬಡಿದಷ್ಟೂ ಅದರ ಕೋಶಗಳು ಒಡೆದು, ಒಳಗಿದ್ದ ಒಂದು ಕಿಣ್ವ ಹೊರಗೆ ಸೋರುತ್ತದೆ. ಜೀವ ಇರುವವರಲ್ಲೂ ಇದೇ ಕಥೆ. ಸ್ನಾಯು ಜಜ್ಜಿಹೋದರೆ ಆ ಕಿಣ್ವ ರಕ್ತಕ್ಕೆ ಇಳಿಯುತ್ತದೆ. ಒಂದೇ ತೊಟ್ಟು ರಕ್ತದಲ್ಲಿ ಅದು ಎಷ್ಟಿದೆ, ಎಷ್ಟು ಚುರುಕಾಗಿದೆ ಅಂತ ಹೇಳುವ ಬೆರಳುದ್ದದ ಒಂದು ಪಟ್ಟಿಯನ್ನು ನಾನು ಮಾಡುತ್ತಿದ್ದೇನೆ. ಕಟ್ಟಡ ಕುಸಿದು ಅಡಿಯಲ್ಲಿ ಸಿಕ್ಕಿಕೊಂಡವರಿಗೆ, ದೊಡ್ಡ ಆಸ್ಪತ್ರೆ ಇಲ್ಲದ ಕಡೆ, ಇದು ಜೀವ ಉಳಿಸುತ್ತದೆ. ಪಟ್ಟಿ ಕೂರುವ ಹಿತ್ತಾಳೆ ಗಟ್ಟಿ ಭಾವ ಲೇತ್‌ನಲ್ಲಿ ತಿರುವಿಕೊಟ್ಟದ್ದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಯಾವ ಕಂಪನಿಯದು?" ಅಂತ ನಮ್ಮ ಗೈಡ್ ಮೇಡಂ ಕೇಳಿದರು. "ನಮ್ಮ ಭಾವನ ಕಂಪನಿ" ಅಂದೆ.

ಈಗ ವಿಷಯಕ್ಕೆ ಬರುತ್ತೇನೆ. ಪೆಟ್ಟು ಬಿದ್ದವರ ಅಂಕಿ ತಿಳಿಯಬೇಕಾದರೆ ಮೊದಲು ಪೆಟ್ಟು ಬೀಳದವರ ಅಂಕಿ ಬೇಕು. ಅಂಥ ಹನ್ನೆರಡು ಜನ, ವಾರಕ್ಕೊಂದು ತೊಟ್ಟು. ಇಲ್ಲಿನ ಹುಡುಗರೆಲ್ಲ ಜಿಮ್‌ಗೆ ಹೋಗಿ ಕಬ್ಬಿಣ ಎತ್ತುವವರು, ಅವರ ರಕ್ತ ದಿನಕ್ಕೊಂದು ಮಾತಾಡುತ್ತದೆ. ನನಗೆ ಗೊತ್ತಿರುವ ನೆಮ್ಮದಿಯ ಮನೆ ಅಂದರೆ ನಿಮ್ಮದೇ. ಅಪ್ಪನ ಬೆಲ್ಟಿಗೆ ನನ್ನ ಬದಲು ಬೆನ್ನು ಕೊಟ್ಟವಳು ನೀನು. ಆ ಮನೆಯಿಂದ ಇಂಥ ಮನೆಗೆ ಸೇರಿದೆಯಲ್ಲ, ಅದೊಂದು ನನಗೆ ಸಮಾಧಾನ.

ಒಪ್ಪಿಗೆ ಪತ್ರಕ್ಕೆ ಇಬ್ಬರೂ ಸಹಿ ಹಾಕಿ. ನೀನು ಏಳನೇ ನಂಬರು, ಭಾವ ಎಂಟು. ಸೋಮವಾರ ಉಂಗುರದ ಬೆರಳು ಚುಚ್ಚಿ, ಜೊತೆಗಿಟ್ಟಿರುವ ಕಾರ್ಡಿನ ವೃತ್ತವನ್ನು ರಕ್ತದಿಂದ ತುಂಬಬೇಕು. ಗೆರೆ ದಾಟಕೂಡದು. ನೆರಳಲ್ಲಿ ಒಣಗಿಸಿ ಅಂಚೆಗೆ ಹಾಕು, ಜೊತೆಗೆ ಎರಡು ಸಾಲು ಬರಿ. ಫೋನ್ ಮಾಡಿದರೆ ಯಾವಾಗಲೂ ಭಾವನೇ ಎತ್ತುತ್ತಾರೆ, ನೀನು ಸಿಗುವುದೇ ಇಲ್ಲ.

ನಿನ್ನ,
ಮೆಣಸು


ಜನವರಿ 13

ಪ್ರೀತಿಯ ಮೆಣಸು,

ಕಾರ್ಡು ಕಳಿಸಿದ್ದೇನೆ. ನನ್ನ ಬೊಟ್ಟು ಗೆರೆ ದಾಟಿತು, ಬೈಯಬೇಡ. ಇವರದು ನೋಡು, ಕೈವಾರ ಇಟ್ಟು ಎಳೆದ ಹಾಗಿದೆ. ಲಾಂಡ್ರಿಯಲ್ಲಿ ಕೆಲಸ ಜಾಸ್ತಿ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಬಂದು ಬೀಳುತ್ತಲೇ ಇರುತ್ತವೆ. ಬಿಸಿನೀರಿಗೆ ಹಾಕುವ ಮುಂಚೆ ರಕ್ತದ ಕಲೆಯನ್ನು ತಣ್ಣೀರಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಅದು ಹೋಗುವುದೇ ಇಲ್ಲ. ಆ ಕೆಲಸದಲ್ಲಿ ನಾನು ಎತ್ತಿದ ಕೈ.

ನಾನು ಚೆನ್ನಾಗಿದ್ದೇನೆ. ಇವರೂ ಚೆನ್ನಾಗಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

ಡಾಕ್ಟರಮ್ಮ, ನಿನ್ನ ಅಕ್ಕ ಸೂಜಿ ಕಂಡರೆ ಕಣ್ಣು ಮುಚ್ಚುತ್ತಾಳೆ. ಮಗು ಥರ. ನಾನು ಕೈ ಹಿಡಿದುಕೊಂಡೆ, ಹೆದರಬೇಡ. — ಭಾವ


ಫೆಬ್ರವರಿ 8

ಅಕ್ಕಾ,

ನನ್ನ ತಲೆ ಕೆಟ್ಟಿದೆ. ನಾಲ್ಕು ವಾರದ ಕಾರ್ಡುಗಳನ್ನು ಪಟ್ಟಿಯಲ್ಲಿ ಓಡಿಸಿ ಅಳೆದೆ. ಹನ್ನೊಂದು ಜನರದ್ದು ಇರಬೇಕಾದ ಕಡೆಯೇ ಇದೆ. ಭಾವನದು 172, 170, 175, 172, ಗಡಿಯಾರದ ಹಾಗೆ. ನಿನ್ನದು ಮಾತ್ರ 1460, 2340, 960, 3105. ಹೆಂಗಸರಿಗೆ ನೂರೆಂಬತ್ತು ದಾಟಬಾರದು ಕಣೇ! ಮೂರು ಸಾವಿರ ಅಂದರೆ ಒಂದೋ ಲಾರಿಯ ಅಡಿ ಸಿಕ್ಕಿರಬೇಕು, ಇಲ್ಲ ದಿನವಿಡೀ ಬೆಟ್ಟ ಹತ್ತಿ ಇಳಿದಿರಬೇಕು.

ಮೇಡಂ ನನ್ನ ಪುಸ್ತಕವನ್ನು ಮೇಜಿನ ಮೇಲೆ ಎಸೆದರು. "ಒಬ್ಬ ಆರೋಗ್ಯವಂತೆಗೆ ಹೀಗೆ ಬರುತ್ತೆ ಅಂದ್ರೆ ನಿನ್ನ ಪಟ್ಟಿ ಬರೀ ಸುಳ್ಳು. ಮೂರು ವರ್ಷ ಏನ್ ಮಾಡ್ದೆ?" ಅಂದರು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಿನಗೆ ಗೊತ್ತಲ್ಲ. ಮೇಡಂಗೆ ತಿರುಗಿ ಹೇಳಲಾರದೆ ಒಳಗೆ ಹೋಗಿ ಒಂದು ಗಾಜಿನ ಜಾಡಿಯನ್ನು ಗೋಡೆಗೆ ಬೀಸಿ ಒಡೆದೆ. ಆಮೇಲೆ ನಾನೇ ಗುಡಿಸಿದೆ. ನಿನ್ನ ನಾಲ್ಕು ಅಂಕಿಗಳಿಗೂ ಕೆಂಪು ಶಾಯಿಯಲ್ಲಿ ಗೆರೆ ಹೊಡೆದು, ಪಕ್ಕದಲ್ಲಿ "ತಪ್ಪು ಓದು, ತೆಗೆದುಹಾಕಿದೆ" ಅಂತ ಬರೆದು ಸಹಿ ಮಾಡಿದ್ದೇನೆ.

ನಿಜ ಹೇಳು, ಭಾರ ಎತ್ತುತ್ತೀಯಾ? ಎಲ್ಲಾದರೂ ಬಿದ್ದೆಯಾ? ಇಂಜೆಕ್ಷನ್ ಏನಾದರೂ?

ಮೆಣಸು


ಫೆಬ್ರವರಿ 15

ಪ್ರೀತಿಯ ಮೆಣಸು,

ನನ್ನಿಂದ ನಿನಗೆ ಬೈಗುಳ ಆಯಿತಲ್ಲ, ಬೇಜಾರಾಯಿತು. ಒದ್ದೆ ಬಟ್ಟೆಯ ಮೂಟೆ ಎತ್ತುತ್ತೇನೆ, ಅದಕ್ಕೇ ಇರಬೇಕು. ಗಾಜು ಒಡೆಯಬೇಡ. ಅಪ್ಪನೂ ಮೊದಲು ಲೋಟ ತಟ್ಟೆ ಒಡೆಯುತ್ತಿದ್ದರು.

ಒಂದು ಮಾತು ಕೇಳುತ್ತೇನೆ. ನಮ್ಮ ಲಾಂಡ್ರಿಯ ಒಬ್ಬಳು ಕೇಳಿದಳು. ಪೆಟ್ಟು ಬಿದ್ದರೂ ಮೈಮೇಲೆ ಗುರುತೇ ಇಲ್ಲದಿದ್ದರೆ, ನಿನ್ನ ಪಟ್ಟಿಗೆ ಗೊತ್ತಾಗುತ್ತದೆಯೇ? ಎಷ್ಟು ದಿನದವರೆಗೆ?

ಈ ವಾರದ ಕಾರ್ಡೂ ಇದೆ. ಎಸೆಯಬೇಡ, ದಯವಿಟ್ಟು ಓಡಿಸು.

ನಿನ್ನ ಅಕ್ಕ


ಫೆಬ್ರವರಿ 21

ಭಾವನಿಗೆ ನಮಸ್ಕಾರಗಳು.

ಅಕ್ಕನಿಗೆ ಬರೆದರೆ ಮೂಟೆ, ಬಟ್ಟೆ ಅಂತ ಸುತ್ತಿ ಬಳಸಿ ಹೇಳುತ್ತಾಳೆ, ಅದಕ್ಕೆ ನಿಮಗೇ ಬರೆಯುತ್ತಿದ್ದೇನೆ. ನಾನು ನಂಬುವುದು ನಿಮ್ಮನ್ನು. ಅವಳ ಅಂಕಿ ಈ ವಾರವೂ ಎರಡು ಸಾವಿರದ ಮೇಲೆ, ಅದಕ್ಕೂ ಕೆಂಪು ಗೆರೆ ಹೊಡೆದೆ. ಒಂದೋ ಗಟ್ಟಿಯ ಸೀಳಿನಲ್ಲಿ ಏನೋ ಕೂತಿದೆ, ಇಲ್ಲ ಅವಳು ಮೈ ಮುರಿಯುವಷ್ಟು ದುಡಿಯುತ್ತಿದ್ದಾಳೆ. ನಿಮ್ಮ ಕೈಕೆಲಸದಲ್ಲಿ ತಪ್ಪಿರುವುದಿಲ್ಲ, ಹಾಗಾಗಿ ಅವಳದೇ ಇರಬೇಕು.

ಲಾಂಡ್ರಿಯಲ್ಲಿ ಯಾರೋ ಕೇಳಿದರಂತೆ, ಚರ್ಮದ ಮೇಲೆ ಗುರುತಿಲ್ಲದ ಪೆಟ್ಟೂ ಇದಕ್ಕೆ ತಿಳಿಯುತ್ತದೆಯೇ ಅಂತ. ತಿಳಿಯುತ್ತದೆ ಅಂತ ಅವಳಿಗೆ ಹೇಳಿ. ದೊಡ್ಡ ಪೆಟ್ಟಾದರೆ ನಾಲ್ಕೈದು ದಿನ, ಕೆಲವು ಸಲ ವಾರವಿಡೀ ಸಿಗುತ್ತದೆ.

ನೀವೇ ಸ್ವಲ್ಪ ಅವಳ ಮೇಲೆ ನಿಗಾ ಇಡಿ ಭಾವ. ಮುಂದಿನ ಸೋಮವಾರದಿಂದ ಅವಳ ಬೆರಳನ್ನು ನೀವೇ ಚುಚ್ಚಿದರೆ ಇನ್ನೂ ಒಳ್ಳೆಯದು. ಅವಳದು ಪ್ರತಿ ಸಲ ಗೆರೆ ದಾಟುತ್ತದೆ.

ಇಂತಿ ನಿಮ್ಮ,
ಡಾಕ್ಟರಮ್ಮ (ಇನ್ನೂ ಆಗಿಲ್ಲ)


ಮಾರ್ಚ್ 2

ಡಾಕ್ಟರಮ್ಮನಿಗೆ ಭಾವ ಮಾಡುವ ಆಶೀರ್ವಾದ.

ನಿನ್ನ ಕಾಗದವನ್ನು ಅಕ್ಕನಿಗೆ ಜೋರಾಗಿ ಓದಿ ಹೇಳಿದೆ. ಎಲ್ಲ ಸಾಲೂ. ಇಬ್ಬರೂ ಕೂತು ಮಾತಾಡಿದೆವು. ನೀನು ಹೇಳಿದ್ದು ಸರಿ, ಅವಳಿಗೆ ತನ್ನ ಮೈಮೇಲೆ ನಿಗಾ ಇಲ್ಲ. ಮೊನ್ನೆ ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡಳು. ಒಂದೆರಡು ವಾರ ಬರೆಯಲಾರಳು, ನೀನು ಗಾಬರಿಯಾಗಬೇಡ. ಲಾಂಡ್ರಿಗೂ ಸದ್ಯಕ್ಕೆ ಬೇಡ ಅಂದಿದ್ದೇನೆ.

ನೀನು ಹೇಳಿದಂತೆ ರಕ್ತ ನಾನೇ ತೆಗೆದೆ. ಎರಡೂ ಕಾರ್ಡು ಇದರೊಳಗಿವೆ. ಈ ಸಲ ಅವಳ ಅಂಕಿ ಸರಿ ಬರುತ್ತದೆ ನೋಡು.

ನಿನ್ನ ಭಾವ


ಮಾರ್ಚ್ 9

ಅಕ್ಕಾ,

ಇದನ್ನು ಲಾಂಡ್ರಿಯ ವಿಳಾಸಕ್ಕೆ, ನಿಮ್ಮ ಯಜಮಾನಿಯ ಹೆಸರಿಗೆ ಕಳಿಸುತ್ತಿದ್ದೇನೆ. ಅವರು ಹೇಗಾದರೂ ನಿನಗೆ ಮುಟ್ಟಿಸುತ್ತಾರೆ.

ಏಳನೇ ಕಾರ್ಡು 173 ಬಂತು. ಎಂಟನೆಯದು 172. ಮೇಡಂ ನನ್ನ ಭುಜ ತಟ್ಟಿದರು. "ನೋಡು, ಸರಿಯಾಯ್ತು" ಅಂದರು. ನಾನೂ ನಕ್ಕೆ ಅಕ್ಕ, ನಾನೂ ನಕ್ಕೆ. ಆಮೇಲೆ ಎರಡು ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡು ಬೊಟ್ಟೂ ಕೈವಾರ ಇಟ್ಟು ಎಳೆದ ಹಾಗೆ ಇವೆ. ಒಂದರ ಅಂಚಿನಲ್ಲಿ ಲೇತ್ ಎಣ್ಣೆಯ ಕಲೆ ಇದೆ. ಆ ಕಲೆ ಇರುವ ಕಾರ್ಡಿನ ಮೇಲೆ ನಿನ್ನ ನಂಬರಿದೆ.

ತನ್ನ ಬೆರಳನ್ನೇ ಎರಡು ಸಲ ಚುಚ್ಚಿಕೊಂಡಿದ್ದಾನೆ. ಯಾಕೆ ಅಂತ ಕೇಳಿಕೊಂಡ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಲಾಂಡ್ರಿಯ ಒಬ್ಬಳು ಕೇಳಿದಳು ಅಂದೆಯಲ್ಲ, ಆ ಒಬ್ಬಳು ನೀನು. ನನ್ನ ಪಟ್ಟಿ ಐದು ಸಲ ಕೂಗಿ ಹೇಳಿತು. ನಾನು ಐದು ಸಲವೂ ಅದರ ಬಾಯಿಗೆ ಕೆಂಪು ಶಾಯಿ ಮೆತ್ತಿದೆ. ಸಾಲದ್ದಕ್ಕೆ ನಿನ್ನ ಮಾತನ್ನು ಒಯ್ದು ಅವನ ಕೈಗೇ ಕೊಟ್ಟೆ, ನಿಗಾ ಇಡಿ ಅಂದೆ. ಕುರಿ ಕಾಯೋಕೆ ತೋಳನಿಗೆ ಹೇಳಿದ ಹಾಗಾಯಿತು. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ, ತುಟಿ ಒಡೆಯುವವರೆಗೆ.

ಏನು ಮಾಡಿದ ನಿನಗೆ? ಯಾವುದರಲ್ಲಿ ಹೊಡೆಯುತ್ತಾನೆ? ಮುಚ್ಚಿಡಬೇಡ. ಕಾರ್ಡು ಇಲ್ಲದಿದ್ದರೆ ಯಾವ ಬಟ್ಟೆಯ ಮೇಲಾದರೂ ಒಂದು ತೊಟ್ಟು ಕಳಿಸು. ನಾನು ಅವನನ್ನು ಕೊಲ್ಲುತ್ತೇನೆ ಅಕ್ಕ.

ಮೆಣಸು


ಮಾರ್ಚ್ 13

ಮೆಣಸು,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ಸುಧಾರಿಸಿಕೋ. ಯಜಮಾನಿ ದಿಂಬಿನ ಚೀಲ ಕೊಡುವ ನೆಪದಲ್ಲಿ ಬಂದು ಹೊರಗೆ ಕಾಯುತ್ತಿದ್ದಾರೆ. ಅವನು ಕೆಲಸಕ್ಕೆ ಹೋಗಿದ್ದಾನೆ.

ಕೇಳಿದೆಯಲ್ಲ, ಹೇಳುತ್ತೇನೆ. ಸೈಕಲ್ ಟ್ಯೂಬಿನ ಒಂದು ಮೊಳ ತುಂಡು, ಒಳಗೆ ಮರಳು. ಎರಡು ತುದಿಗೂ ಹಿತ್ತಾಳೆ ಬಿರಡೆ, ತಾನೇ ತಿರುವಿದ್ದು, ಒಂದು ಕಾಳು ಮರಳೂ ಸೋರುವುದಿಲ್ಲ. ಮೊದಲು ರೇಡಿಯೋ ಹಾಕುತ್ತಾನೆ. ನನ್ನನ್ನು ಬೋರಲು ಮಲಗಿಸಿ ಮೇಲೆ ದಪ್ಪ ಟವೆಲ್ ಹಾಸುತ್ತಾನೆ. ತೊಡೆಯ ಹಿಂದೆ, ಸೊಂಟದ ಕೆಳಗೆ, ಬೆನ್ನಿಗೆ. ಚರ್ಮ ಒಡೆಯುವುದಿಲ್ಲ, ಬಾಸುಂಡೆ ಏಳುವುದಿಲ್ಲ. ನಾನು ಎಣಿಸುತ್ತಾ ಇರುತ್ತೇನೆ, ಎಣಿಸಿದರೆ ಹೊತ್ತು ಹೋಗುತ್ತದೆ. ಕಾರಣ ಏನು ಅಂತ ಕೇಳಬೇಡ. ಅವನ ಅಂಗಿಯ ಗುಂಡಿ ಕಿತ್ತುಬಂದಿದ್ದಕ್ಕೆ ಮೂವತ್ತು. ಮೊದಲ ವರ್ಷ ಒಂದು ಸಲ ಪೊಲೀಸರ ಹತ್ತಿರ ಹೋಗಿದ್ದೆ. "ಎಲ್ಲಮ್ಮ ಗಾಯ? ತೋರ್ಸು" ಅಂದರು. ತೋರಿಸಲು ಏನೂ ಇರಲಿಲ್ಲ. ಅವನು ಬಂದು ಅವರ ಮುಂದೆ ನನಗೆ ನೀರು ಕುಡಿಸಿ ಕರೆದುಕೊಂಡು ಬಂದ.

ನೀನು ಜನವರಿಯಲ್ಲಿ ಸ್ನಾಯು ಜಜ್ಜಿದರೆ ರಕ್ತಕ್ಕೆ ಗೊತ್ತಾಗುತ್ತದೆ ಅಂತ ಬರೆದೆಯಲ್ಲ, ಅದನ್ನು ಹತ್ತು ಸಲ ಓದಿದೆ. ಅವನ ಎದುರೇ ಕೂತು, ಅವನೇ ನನ್ನ ಕೈ ಹಿಡಿದಿರುವಾಗ, ನಿನಗೆ ಹೇಳಿಬಿಟ್ಟೆ ಅಂತ ಒಳಗೊಳಗೇ ಹಿಗ್ಗಿದ್ದೆ. ನಿನಗೆ ಅರ್ಥವಾಗಲಿಲ್ಲ. ಹೋಗಲಿ ಬಿಡು.

ನೀನು ಅವನಿಗೆ ಬರೆದ ಕಾಗದ ಓದಿ ಮುಗಿಸಿ ಮಡಿಸಿ ಜೇಬಿಗಿಟ್ಟುಕೊಂಡ. "ನಿನ್ ತಂಗಿ ಬುದ್ಧಿವಂತೆ. ರಕ್ತ ಮಾತಾಡುತ್ತಂತೆ. ಮಾತಾಡೋ ಬೆರಳು ಯಾವುದು?" ಅಂದ. ಮನೆಯಲ್ಲಿ ಕಬ್ಬಿಣ ಬಿಗಿಹಿಡಿಯುವ ಒಂದು ವೈಸ್ ಇದೆ, ಕಿಟಕಿ ಪಕ್ಕದ ಮೇಜಿಗೆ ಕೂರಿಸಿದ್ದು. ಅದರ ದವಡೆಗೆ ನನ್ನ ಉಂಗುರದ ಬೆರಳು, ಪಕ್ಕದ್ದೂ ಸೇರಿ, ಇಟ್ಟು ತಿರುಗಿಸಿದ. ನಿಧಾನವಾಗಿ, ಅಳತೆ ನೋಡುವವರ ಹಾಗೆ. ಮುರಿದಾಗ ಶಬ್ದ ಕೇಳಿಸಿತು. ಆಮೇಲೆ ಟ್ಯೂಬು. ನೂರರವರೆಗೆ ಎಣಿಸಿದೆ, ಮುಂದೆ ತಪ್ಪಿಹೋಯಿತು. ನಿನ್ನೆ ಮತ್ತೆ.

ಬೆಳಗ್ಗೆಯಿಂದ ಉಚ್ಚೆ ಕಪ್ಪು ಡಿಕಾಕ್ಷನ್ ಬಣ್ಣಕ್ಕೆ ಬರುತ್ತಿದೆ, ಅದೂ ಸ್ವಲ್ಪವೇ. ಕಾಲು ಬಾತುಕೊಂಡಿದೆ. ಇದು ಏನು?

ದಿಂಬಿನ ಬಟ್ಟೆಯ ಚೂರಿನ ಮೇಲೆ ಒಂದು ತೊಟ್ಟು ಹಾಕಿದ್ದೇನೆ. ಕೊಲ್ಲುವ ಮಾತು ಬೇಡ. ಬಾ, ಸಾಕು.

ಅಕ್ಕ


ಮೇ 4

ಪ್ರೀತಿಯ ಮೆಣಸು,

ಯಜಮಾನಿಯ ಮನೆಯ ಮಹಡಿ ಕೋಣೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ರೇಡಿಯೋ ಇಲ್ಲ. ಮೂರು ವಾರ ಯಂತ್ರ ನನ್ನ ರಕ್ತ ತೊಳೆಯಿತು, ಈಗ ಮೂತ್ರಪಿಂಡಗಳು ತಾವೇ ಕೆಲಸ ಶುರುಮಾಡಿವೆಯಂತೆ. ಎರಡು ಬೆರಳು ಮಡಿಸಲು ಬರುವುದಿಲ್ಲ. ಬಲಗೈಯಲ್ಲೇ ಬರೆಯುತ್ತಿದ್ದೇನೆ ನೋಡು.

ನೀನು ಬಂದ ದಿನದ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ. ಆಸ್ಪತ್ರೆಯಲ್ಲಿ ನೀನು ನನ್ನ ಕಾಲು ಹಿಡಿದು ಅತ್ತೆ, ನಾನು ಗೋಡೆ ನೋಡಿದೆ. ಈಗ ಹೇಳುತ್ತೇನೆ. ನೀನು ಬಾಗಿಲು ತೆಗೆದು ಒಳಗೆ ಬಂದಾಗ ನಿನ್ನ ಕೈಯಲ್ಲಿ ಆ ಹಿತ್ತಾಳೆ ಗಟ್ಟಿ ಇತ್ತು. ಅವನು "ಡಾಕ್ಟರಮ್ಮ ಬಂದ್ಲು" ಅಂತ ನಗುತ್ತಾ ಎದ್ದ. ಮೊದಲ ಪೆಟ್ಟಿಗೇ ದವಡೆ ಮುರಿದು ಬಿದ್ದ. ಅಲ್ಲಿಗೆ ಸಾಕಿತ್ತು. ನೀನು ನಿಲ್ಲಿಸಲಿಲ್ಲ. ನನಗೆ ಎಣಿಸುವ ಚಾಳಿ ಇದೆಯಲ್ಲ, ಎಣಿಸಿದೆ. ಒಂಬತ್ತು. ಒಂದೊಂದಕ್ಕೂ ನಿನ್ನ ತುಟಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು, ಥೇಟ್ ಅಪ್ಪನ ಹಾಗೆ. ನಿನಗೆ ಹಿತವಾಗಿತ್ತು ಮೆಣಸು. ಸುಳ್ಳು ಹೇಳಬೇಡ, ನನಗೂ ಹಿತವಾಗಿತ್ತು. ಆಮೇಲೆ ತೆವಳಿಕೊಂಡು ಅಡ್ಡ ಬಂದೆ. ಅವನ ಮೇಲಿನ ಮರುಕಕ್ಕಲ್ಲ, ನೀನು ಕೊಲೆಗಾರ್ತಿ ಆಗಬಾರದು ಅಂತ. ಹತ್ತನೆಯದು ನನ್ನ ಭುಜಕ್ಕೆ ಬಿತ್ತು.

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ. ಈಗ ನೋಡು ಏನಾಗಿದೆ. ಅವನು ದವಡೆಗೆ ತಂತಿ, ಕೈಗೆ ಪ್ಲಾಸ್ಟರು ಹಾಕಿಕೊಂಡು ಕೋರ್ಟಿಗೆ ಬರುತ್ತಾನೆ. ಅವನ ಗಾಯ ಎಲ್ಲರಿಗೂ ಕಾಣುತ್ತದೆ. ಬೆರಳು ಬಾಗಿಲಿಗೆ ಸಿಕ್ಕಿದ್ದು ಅಂತ ಅವನೇ ಬರೆಸಿದ್ದಾನೆ. ಆಸ್ಪತ್ರೆಯ ರಿಪೋರ್ಟ್ ಇದೆಯಲ್ಲ ಅಂದರೆ, ಅದು ತಂಗಿ ಹೊಡೆದ ಪೆಟ್ಟಿನದು ಅಂತಾನೆ ಅವನ ಲಾಯರು. ಸುಳ್ಳೂ ಅಲ್ಲ. ನನ್ನ ಮೈಮೇಲೆ ಕಣ್ಣಿಗೆ ಕಾಣುವ ಕಲೆ ಅಂತ ಇರುವುದು ನಿನ್ನದೊಂದೇ.

ನೀನು ಮನೆಗೆ ಬರುವುದಕ್ಕೂ ಮುಂಚಿನದು, ನನ್ನ ಹತ್ತಿರ ಬೇರೆ ಏನಿದೆ? ಆ ಐದು ಅಂಕಿ. ದಿಂಬಿನ ಬಟ್ಟೆಯ ತೊಟ್ಟು ಯಾವ ದಿನದ್ದು ಅನ್ನುವುದಕ್ಕೆ ಗುರುತಿಲ್ಲ, ಅದು ನಿಲ್ಲುವುದಿಲ್ಲವಂತೆ. ನಮ್ಮ ಲಾಯರಮ್ಮ ನಿನ್ನ ಪುಸ್ತಕ ನೋಡಿ ತಲೆ ಮೇಲೆ ಕೈ ಹೊತ್ತರು. "ಇವರ ತಂಗಿಯೇ ತಪ್ಪು ಓದು ಅಂತ ಬರೆದು ಸಹಿ ಹಾಕಿದಾರಲ್ರೀ" ಅಂದರು. ಅವನು ಬಿಡುಗಡೆಯಾದರೆ ನೇರವಾಗಿ ಈ ಮಹಡಿ ಮೆಟ್ಟಿಲು ಹತ್ತುತ್ತಾನೆ. ಕಳೆದ ವಾರ ಕೋರ್ಟಿನ ಅಂಗಳದಲ್ಲಿ ಬಾಯಿ ಬಿಡಲಾರದೆ, ಬೆರಳಲ್ಲಿ ಮಹಡಿ ಕಡೆ ತೋರಿಸಿದ ಹಾಗೆ ಮೇಲೆ ತೋರಿಸಿ ನಕ್ಕ.

ನೀನು ಮತ್ತೆ ಕೈ ಎತ್ತಬೇಡ. ನೀನು ಕಲಿತ ಕೆಲಸ ಮಾಡು. ಆ ಐದು ಸುಳ್ಳಲ್ಲ ಅಂತ ತೋರಿಸು.

ಹೊಸ ಕಾರ್ಡು ಒಂದು ಇಟ್ಟಿದ್ದೇನೆ. ಯಾರೂ ಕೈ ಹಿಡಿದುಕೊಳ್ಳಲಿಲ್ಲ, ನಾನೇ ಚುಚ್ಚಿಕೊಂಡೆ.

ನಿನ್ನ ಅಕ್ಕ


ಮೇ 19

ಅಕ್ಕಾ,

ನೀನು ಬರೆದದ್ದನ್ನು ಓದಿ ಎರಡು ದಿನ ಪ್ರಯೋಗಾಲಯಕ್ಕೆ ಹೋಗಲಿಲ್ಲ. ಹೌದು, ಹಿತವಾಗಿತ್ತು. ಅದು ನನ್ನೊಳಗೆ ಇದೆ. ನನ್ನ ಮೇಲಿನ ಕೇಸಿಗೆ ಸುಳ್ಳು ಹೇಳುವುದಿಲ್ಲ, ಒಂಬತ್ತು ಅಂತಲೇ ಹೇಳುತ್ತೇನೆ.

ಆಮೇಲೆ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಏಳನೇ ನಂಬರು ನನ್ನ ಅಕ್ಕ, ಎಂಟು ಅವಳನ್ನು ಹೊಡೆದವನು ಅಂದೆ. ಅವರು ನನ್ನ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, "ಪುಸ್ತಕ ಎಸೆದವಳು ನಾನು" ಅಂದರು. ಕಾರ್ಡಿನಿಂದ ನಾವು ಹಾಗಲಕಾಯಿ ಬೀಜದಷ್ಟೇ ಚೂರು ಕತ್ತರಿಸುವುದು, ಉಳಿದದ್ದು ಫ್ರೀಜರಿನಲ್ಲಿ ಹಾಗೇ ಇರುತ್ತದೆ. ಅಂಚೆ ಮುದ್ರೆ ಬಿದ್ದ ಲಕೋಟೆಗಳನ್ನೂ ನಾನು ಎಸೆದಿರಲಿಲ್ಲ, ನಿನ್ನ ಕೈಬರಹ ಅಂತ. "ನೀನು ಮುಟ್ಟಬೇಡ" ಅಂದರು ಮೇಡಂ. ಹನ್ನೆರಡು ಜನರ ಕಾರ್ಡನ್ನೂ ಕಲಸಿ, ನಂಬರು ಬದಲಿಸಿ, ನಮ್ಮನ್ನು ಅರಿಯದ ಬೇರೊಂದು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ನನ್ನ ಪಟ್ಟಿಯಲ್ಲ, ಅವರದೇ ದೊಡ್ಡ ಯಂತ್ರ. ರಕ್ತ ಯಾರದ್ದು ಅನ್ನುವುದನ್ನೂ ಅವರೇ ಬೇರೆಯಾಗಿ ಪರೀಕ್ಷೆ ಮಾಡಿದ್ದಾರೆ. ನಿನ್ನ ಹೆಸರಿನಲ್ಲಿ ಬಂದ ಮಾರ್ಚ್ ಕಾರ್ಡಿನ ರಕ್ತ ಗಂಡಸಿನದು.

ನಿನ್ನೆ ಉತ್ತರ ಬಂತು. 1390. 2210. 905. 2980. 2015. ತಣ್ಣಗೆ ಕೂತು ಸ್ವಲ್ಪ ಇಳಿದಿವೆ, ಅಷ್ಟೇ. ಐದೂ ನಿಜ. ನನ್ನ ಕೆಂಪು ಗೆರೆಯನ್ನು ಅಳಿಸಲು ಮೇಡಂ ಬಿಡಲಿಲ್ಲ. ಅದರ ಪಕ್ಕದಲ್ಲೇ ಕಪ್ಪು ಶಾಯಿಯಲ್ಲಿ "ಓದು ಸರಿಯಾಗಿತ್ತು, ಓದಿದವರು ತಪ್ಪಿದರು" ಅಂತ ಬರೆದು ಇಬ್ಬರೂ ಸಹಿ ಹಾಕಿದೆವು. ಮುಂದಿನ ತಿಂಗಳು ಹದಿನಾರನೇ ತಾರೀಕು ಮೇಡಂ ತಾವೇ ಸಾಕ್ಷಿ ಕಟಕಟೆ ಹತ್ತುತ್ತಾರೆ. ಅಲ್ಲಿಯವರೆಗೆ ಅವನನ್ನು ಒಳಗೇ ಇಡಬೇಕು ಅಂತ ಲಾಯರಮ್ಮ ಇವತ್ತು ಅರ್ಜಿ ಕೊಟ್ಟಿದ್ದಾರೆ. ಸಂಜೆಗೇ ಆದೇಶ ಸಿಕ್ಕಿತು. ನೀನು ಈ ಕಾಗದ ಓದುವ ಹೊತ್ತಿಗೆ ಅವನು ಮೆಟ್ಟಿಲು ಹತ್ತುವ ಜಾಗದಲ್ಲಿ ಇರುವುದಿಲ್ಲ.

ನನ್ನ ಕೆಲಸ ಒಂದು ವರ್ಷ ಹಿಂದೆ ಬಿತ್ತು. ಆರೋಗ್ಯವಂತರ ಅಂಕಿಗಳನ್ನು ಮೊದಲಿನಿಂದ ತೆಗೆಯಬೇಕು. ಹಿತ್ತಾಳೆ ಗಟ್ಟಿ ಪೊಲೀಸರ ಬಳಿ ಇದೆ, ವಾಪಸು ಕೇಳುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಒಂದು ಮಾಡಿಕೊಂಡಿದ್ದೇನೆ, ವಕ್ರವಾಗಿದೆ, ಓದುತ್ತದೆ.

ನಿನ್ನ ಹೊಸ ಕಾರ್ಡನ್ನು ಎಲ್ಲರೂ ಊಟಕ್ಕೆ ಹೋದಾಗ ಓಡಿಸಿದೆ. ಬೊಟ್ಟು ಈ ಸಲವೂ ಗೆರೆ ದಾಟಿತ್ತು. ಅದನ್ನು ನೋಡಿಯೇ ಅಳು ಬಂತು, ನಿನ್ನದೇ ಅಂತ ಗೊತ್ತಾಯಿತಲ್ಲ. ಪಟ್ಟಿ ಒದ್ದೆಯಾಗದ ಹಾಗೆ ಮುಖ ತಿರುಗಿಸಿ ನಿಂತೆ.

ತೊಂಬತ್ತನಾಲ್ಕು ಅಕ್ಕ. ನಿನ್ನ ಅಂಕಿ ತೊಂಬತ್ತನಾಲ್ಕು.

ನಿನ್ನ ಭುಜಕ್ಕೆ ಹೊಡೆದ,
ಮೆಣಸು